ಬೆಂಕಿ ಮಾತಾಡಿದ ತಮ್ಮ

ಕಣ್ಣಾಸ್ಪತ್ರೆಯಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ಒಂದು ಪಕ್ಷದ ಊರ ಘಟಕದ ಅಧ್ಯಕ್ಷೆಯೆಂದು ಮಾತಿನಲ್ಲೇ ತಿಳಿಯಿತು. ಎದುರಿಗೆ ಅವಳ ತಮ್ಮ ನಿಂತಿದ್ದ.

“ಅಕ್ಕಾ, ನನ್ನನ್ನೇ ಪಕ್ಷದಿಂದ ತೆಗೆದ್ಯಾ?”

“ಹೂಂ. ಎದುರು ಪಕ್ಷದವರ ಮನೆಗೆ ಬೆಂಕಿ ಹಚ್ಚಿ ಅಂತ ಮೈಕಲ್ಲಿ ಕೂಗಿದ್ಯಲ್ಲ.”

“ಜನ ಚಪ್ಪಾಳೆ ಹೊಡೆದ್ರು!”

“ಅದಕ್ಕೇ ತೆಗೆದಿದ್ದು. ಯಾರೂ ಹೊಡೀದೇ ಇದ್ದಿದ್ರೆ ಬೈದು ಸುಮ್ಮನಾಗ್ತಿದ್ದೆ.”

“ನಾನಿಲ್ದೆ ಚುನಾವಣೆ ಸೋಲ್ತೀಯ.”

“ಸೋತ್ರೆ ಮುಂದಿನ ಸಲ ನಿಲ್ತೀನಿ. ಸುಟ್ಟ ಮನೆ ಬಾಗಿಲಲ್ಲಿ ನಿಂತು ಓಟು ಕೇಳಕ್ಕೆ ನನ್ನ ಕೈಲಾಗಲ್ಲ.”

“ಒಡಹುಟ್ಟಿದವನು ಕಣೇ ನಾನು.”

“ಬೇರೆಯವನಾಗಿದ್ರೆ ಅವತ್ತೇ ತೆಗೀತಿದ್ದೆ. ಅವರ ಹತ್ರ ಕ್ಷಮೆ ಕೇಳು ಅಂತ ನಿನ್ನನ್ನ ಬೇಡ್ಕೊಂಡೆ, ನೀನು ಒಪ್ಪಲಿಲ್ಲ.”

ಅಷ್ಟರಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಅವರ ತಾಯಿ ಒಳಗಿನಿಂದ ಬಂದರು. ಅಕ್ಕ ಎದ್ದಳು.

“ಆ ಕಡೆ ಕೈ ನೀನು ಹಿಡ್ಕೊ.”

ಅವನು ಹಿಡಿದುಕೊಂಡ. ಮೂವರೂ ನಿಧಾನವಾಗಿ ಮೆಟ್ಟಿಲಿಳಿದು ಹೋದರು.