ಹಂಪವ್ವ ಟೀಚರ್ ಬರೆದ ಸಹಾಯದ ಫ್ಲಾಪಿ

ವೇದಿಕೆಯ ಮೇಲಿರುವ ಹಿರಿಯರಿಗೆ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕೇಂದ್ರಗಳಿಂದ ಬಂದ ಸಿಸ್ಟರ್‌ಗಳಿಗೆ, ಮುಂದಿನ ಸಾಲಿನಲ್ಲಿ ಕುಳಿತಿರುವ ಹಂಪವ್ವ ಟೀಚರ್ ಅವರ ತಾಯಿ ಮುದಕಮ್ಮನವರಿಗೆ, ಪತಿ ಪಂಪಣ್ಣನವರಿಗೆ — ನಮಸ್ಕಾರ. ನಾನು ಅಮರಪ್ಪ. ನಮ್ಮ ಕ್ಷಯರೋಗ ಟ್ರಸ್ಟಿನ ಕಂಪ್ಯೂಟರ್ ಕೋಣೆಯಲ್ಲಿ ಟೀಚರ್ ಪಕ್ಕದ ಕುರ್ಚಿಯಲ್ಲಿ ಕೂಡುತ್ತಿದ್ದವನು. ಅವರನ್ನು ನೆನೆದು ಎರಡು ಮಾತಾಡು ಅಂದಿದ್ದಾರೆ. ಭಾಷಣ ನನಗೆ ರೂಢಿಯಿಲ್ಲ — ಸ್ವಲ್ಪ ಸೈರಿಸಿಕೊಳ್ಳಿ.

ಟೀಚರ್ ಭಾಗ್ಯನಗರದ ಶಾಲೆಯಲ್ಲಿ ಗಣಿತ ಹೇಳುತ್ತಿದ್ದವರು. ಹುಬ್ಬಳ್ಳಿಗೆ ಹೋಗಿ ಕಂಪ್ಯೂಟರ್ ಕಲಿತು ನಮ್ಮಲ್ಲಿಗೆ ಬಂದರು. ಹೋದ ವರ್ಷ, ಎಂಬತ್ತೆಂಟರಲ್ಲಿ, ನಮ್ಮ ಕೇಂದ್ರಗಳಿಗೆ ಒಂದೊಂದು ಕಂಪ್ಯೂಟರ್ ಬಂತಲ್ಲ, ಅದರ ಪ್ರೋಗ್ರಾಮ್ ಬರೆದವರು ಕುಬೇರಪ್ಪನವರು. ಯಾವ ರೋಗಿ ಮಾತ್ರೆಗೆ ಬಂದ, ಯಾರು ಬರಲಿಲ್ಲ, ಯಾರ ಮನೆಗೆ ಹೋಗಿ ಕರೆಯಬೇಕು — ಎಲ್ಲ ಅದು ಹೇಳುತ್ತಿತ್ತು. ಆದರೆ ಇಂಗ್ಲಿಷಿನಲ್ಲಿ. ಕುಷ್ಟಗಿಯ ಜೈನಾಬೀ ಸಿಸ್ಟರ್ ಅದರ ಮೇಲೊಂದು ಟವೆಲ್ ಹೊದಿಸಿಟ್ಟಿದ್ದರು. "ಏನ್ ಒತ್ತಿದ್ರ ಏನಾಗ್ತದೋ, ಯಾರಿಗ್ಗೊತ್ತು? ನನಗ ಇದರ ಸಹವಾಸ ಬ್ಯಾಡ್ರಿ ಟೀಚರ್" — ಹೀಗೆ ಕೈ ಜೋಡಿಸಿಬಿಟ್ಟರು.

ಆಗ ಟೀಚರ್, ಯಾವ ಕೀಲಿ ಒತ್ತಿದರೆ ಏನಾಗುತ್ತದೆ ಅಂತ ಪರದೆಯ ಮೇಲೆ ಹೇಳಿಕೊಡುವ ಸಹಾಯದ ಫ್ಲಾಪಿ ಬರೆಯಲು ಕೂತರು. ಅಕ್ಷರ ಇಂಗ್ಲಿಷಿನವು, ಮಾತು ನಮ್ಮವು. "ಹೆದರಬ್ಯಾಡ್ರಿ. ರೋಗಿ ಬಂದಿಲ್ಲೇನು? ಎಫ್ ಐದು ಒತ್ರಿ. ಮನೀಗೆ ಹೋಗಿ ಕರೆಯೋರ ಪಟ್ಟಿಗೆ ಹೆಸರು ಹೋಗ್ತೈತಿ." ಓದಿ ಸಿಸ್ಟರ್‌ಗಳು ನಕ್ಕರು. ನಕ್ಕ ಮೇಲೆ ಕಲಿತರು.

ಅದನ್ನು ಪ್ರೋಗ್ರಾಮಿನ ಒಳಗೇ ಸೇರಿಸೋಣ ಅಂತ ಕುಬೇರಪ್ಪನವರು ಅಂದಿದ್ದರು. "ಬ್ಯಾರೆ ಇಟ್ರ ಅದೊಂದು ಹೇಳ್ತೈತಿ, ಇದೊಂದು ಮಾಡ್ತೈತಿ, ನೋಡ್ರಿ ಟೀಚರ್."

"ಒಳಗ ಜಾಗ ಎಲ್ಲೈತ್ರಿ?" ಅಂದರು ಟೀಚರ್. "ನಿಮ್ಮ ಪ್ರೋಗ್ರಾಮ್ ನಿಂತುಬಿಟ್ರ ಅದರೊಳಗಿನ ಸಹಾಯನೂ ನಿಂತುಬಿಡ್ತದ. ಹೊರಗಿದ್ರ ಅವಾಗೂ ತೆರೀತದ."

ಇಬ್ಬರ ಮಾತೂ ಸರಿಯಾಗಿತ್ತು. ಅದೇ — ಅದೇ ನನ್ನನ್ನು ಕಾಡುವುದು.

ಈ ವರ್ಷ ಬೇಸಿಗೆಯಲ್ಲಿ ಪ್ರೋಗ್ರಾಮ್ ಬದಲಾಯಿತು. ಡಾಕ್ಟರುಗಳಿಗೆ ಅವಸರವಿತ್ತು, ಟೀಚರ್ ತವರಿಗೆ ಹೋಗಿದ್ದರು. ಹೊಸ ಫ್ಲಾಪಿಗಳು ಔಷಧದ ಜೀಪಿನಲ್ಲಿ ಕೇಂದ್ರಗಳಿಗೆ ಹೋದವು. ಹೊಸದರಲ್ಲಿ ಎಫ್ ಐದು ಅಂದರೆ "ಚಿಕಿತ್ಸೆ ಮುಗಿಯಿತು". ಸಹಾಯದ ಫ್ಲಾಪಿ ಮಾತ್ರ ಹಳೆಯದೇ ಉಳಿಯಿತು.

ಸ್ವಲ್ಪ ಯೋಚಿಸಿ. ಮಾತ್ರೆಗೆ ಬರದೆ ತಪ್ಪಿಸಿಕೊಂಡವರು, ಮನೆಗೇ ಹೋಗಿ ಕರೆಯಬೇಕಾದವರು — ಅವರೇ ಗುಣವಾದವರು ಅಂತ ಯಂತ್ರ ಬರೆದುಕೊಂಡಿತು. ಹೇಗೂ ಬಾರದವರು ತಾನೇ, ಯಾರಿಗೂ ತಿಳಿಯಲಿಲ್ಲ. ಯಾರೂ ಕರೆಯಲು ಹೋಗಲಿಲ್ಲ.

ತಾವರಗೇರಾದ ಒಬ್ಬರು ರಕ್ತ ಕೆಮ್ಮುತ್ತ ಕುಷ್ಟಗಿ ಕೇಂದ್ರಕ್ಕೆ ಬಂದಾಗ ಬಯಲಾಯಿತು. "ಮಾತ್ರಿ ಬಿಟ್ರ ಮನೀಗೆ ಬಂದು ಬೈತಿದ್ರಿ. ಈ ಸಲ ಯಾಕ ಯಾರೂ ಬರ್ಲಿಲ್ಲ?" ಅಂತ ಅವರ ಹೆಂಡತಿ ಕೇಳಿದರಂತೆ. ಜೈನಾಬೀ ಅಳುತ್ತಲೇ ಫೋನ್ ಮಾಡಿದರು. ಟೀಚರ್ ಹೊಸ ಪ್ರೋಗ್ರಾಮ್ ತೆರೆದು ನೋಡಿದರು, ತಮ್ಮ ಸಹಾಯ ತೆರೆದು ನೋಡಿದರು. ನನ್ನ ಕಡೆ ತಿರುಗಿ, "ನಾ ಬರೆದದ್ದನ್ನ ನಂಬೇ ಒತ್ಯಾರ ಅಮರಪ್ಪ" ಅಂದರು.

ಆಮೇಲೆ ನಡೆದ ಟ್ರಸ್ಟಿನ ಸಭೆಯಲ್ಲಿ ಕುಬೇರಪ್ಪನವರು ಎದ್ದು ನಿಂತು, "ಬದಲಿ ಮಾಡಿದಾಂವ ನಾನು. ಟೀಚರ್‌ಗೆ ತಿಳಿಸಲಿಲ್ಲ" ಅಂದರು. ಅವರೂ ಇಲ್ಲಿದ್ದಾರೆ, ಇದನ್ನು ಹೇಳು ಅಂತ ನನಗೆ ಅವರೇ ಹೇಳಿದ್ದಾರೆ. ಸಹಾಯದ ಫ್ಲಾಪಿಯನ್ನೇ ತೆಗೆದುಹಾಕೋಣ ಅಂತ ಕೆಲವರು ಅಂದಾಗ ಜೈನಾಬೀ ಬಿಡಲಿಲ್ಲ. "ಅದನ್ನ ತಗದ್ರ ನಾ ಮತ್ತ ಟವೆಲ್ ಹೊದಸ್ತೀನಿ. ನನ್ನ ಕೂಡ ಮಾತಾಡೋದು ಅದೊಂದೇ."

ಟೀಚರ್ ಅದನ್ನು ತಿದ್ದಿದರು. ಈಗ ಸಹಾಯ ತೆರೆದ ಕೂಡಲೇ ಮೊದಲು ಪ್ರೋಗ್ರಾಮ್ ಯಾವುದು ಅಂತ ನೋಡುತ್ತದೆ. ಹೊಂದದಿದ್ದರೆ, "ನಾ ಹಳೇದಾಗೀನಿ. ಏನೂ ಒತ್ತಬ್ಯಾಡ್ರಿ. ಕೊಪ್ಪಳಕ್ಕ ಫೋನ್ ಮಾಡ್ರಿ" ಅನ್ನುತ್ತದೆ. ಇಂದಿಗೂ ಹಾಗೇ ಅನ್ನುತ್ತದೆ.

ಆಮೇಲೆ ಅವರು ಬಸ್ಸು ಹತ್ತಿದರು. ತಪ್ಪಿಹೋದ ಒಬ್ಬೊಬ್ಬರನ್ನೂ ಹುಡುಕಲು. "ಬ್ಯಾರೆಯವರು ಹೋಗ್ತಾರ, ನೀ ಯಾಕ?" ಅಂತ ಪಂಪಣ್ಣನವರು ತಡೆದರು. "ಒತ್ರಿ ಅಂತ ನಾನಽ ಹೇಳೀನಿ. ನಾನಽ ಹೋಗಬೇಕು" ಅಂದರಂತೆ.

ಹೆಚ್ಚಿನವರು ಸಿಕ್ಕರು, ಮತ್ತೆ ಮಾತ್ರೆ ಶುರು ಮಾಡಿದರು. ಯಲಬುರ್ಗಾ ಕಡೆಯ ಒಂದು ಮನೆಯಲ್ಲಿ ಮಾತ್ರ ಮಗ ತೀರಿಹೋಗಿ ದಿನಕರ್ಮವೂ ಮುಗಿದುಹೋಗಿತ್ತು. ಟೀಚರ್ ಹೊಸ್ತಿಲಲ್ಲೇ ನಿಂತಿದ್ದರಂತೆ. ಆ ತಾಯಿ ಚೊಂಬಿನಲ್ಲಿ ನೀರು ತಂದು, "ಬಿಸಲಾಗ ಬಂದೀಯವ್ವಾ, ಕುಂದ್ರು" ಅಂದರಂತೆ.

ಸಿಗದೆ ಉಳಿದವಳು ಮಾರೆವ್ವ ಒಬ್ಬಳೇ. ತಾವರಗೇರಾದ ಹುಡುಗಿ. ಭತ್ತದ ನಾಟಿ ಕೆಲಸಕ್ಕೆ ಗಂಗಾವತಿ ಕಡೆ ಹೋದಳು ಅಂದರು, ಕೂಲಿಯವರು ಬಿಡಾರ ಹೂಡುವ ಯಾವ ಕ್ಯಾಂಪಿನಲ್ಲಿದ್ದಾಳೆ ಅಂತ ಯಾರಿಗೂ ಗೊತ್ತಿಲ್ಲ. ಕಾಲುವೆಗುಂಟ ಟೀಚರ್ ಕ್ಯಾಂಪಿಂದ ಕ್ಯಾಂಪಿಗೆ ನಡೆದರು. ನಿಂತ ನೀರು, ಸೊಳ್ಳೆ. ಅಲ್ಲೇ ಜ್ವರ ಹಿಡಿಯಿತು. ಮಲೇರಿಯಾ ಮಿದುಳಿಗೆ ಏರಿತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ನಮ್ಮನ್ನು ಗುರುತಿಸುತ್ತಿರಲಿಲ್ಲ.

ಮಣ್ಣು ಕೊಟ್ಟು ಬರುವಾಗ ಪಂಪಣ್ಣನವರು ನನ್ನ ತೋಳು ಹಿಡಿದು ಕೇಳಿದರು — "ನಿಮ್ಮ ಯಂತ್ರದ ತಪ್ಪಿಗೆ ನನ್ನ ಹೆಂಡ್ತೀನಽ ಬೇಕಾಗಿತ್ತೇನು?" ಪಂಪಣ್ಣನವರೇ, ಅವರು ಮಹಾತ್ಯಾಗಿ ಅಂತ ಹೇಳಿ ಕೈ ತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಅವರು ಬದುಕಿರಬೇಕಿತ್ತು.

ಮಾರೆವ್ವ ಇನ್ನೂ ಸಿಕ್ಕಿಲ್ಲ. ತೆಳ್ಳಗಿದ್ದಾಳೆ, ಗದ್ದದ ಮೇಲೆ ಹಚ್ಚೆ ಇದೆ, ಸೊಂಟದಲ್ಲೊಂದು ಹೆಣ್ಣುಕೂಸು. ಕೆಮ್ಮು ಬಂದರೆ ಕೂಸನ್ನು ಕೆಳಗಿಳಿಸಿ ಆಚೆ ಹೋಗುತ್ತಾಳಂತೆ.

ಈಗ ಎಲ್ಲರೂ ಎದ್ದು, ಟೀಚರ್ ಅವರಿಗಾಗಿ ಒಂದು ನಿಮಿಷ ಮೌನವಾಗಿ ನಿಲ್ಲೋಣ. ಮುದಕಮ್ಮನವರೇ, ನೀವು ಕೂತೇ ಇರಿ ತಾಯಿ. ಮೌನ ಮುಗಿದ ಮೇಲೆ ಗಂಗಾವತಿ ಕಡೆಯವರು ಹಾಗೇ ಹೊರಟುಬಿಡಬೇಡಿ. ಬಾಗಿಲಲ್ಲಿ ಜೈನಾಬೀ ಸಿಸ್ಟರ್ ಇರುತ್ತಾರೆ. ನಿಮ್ಮ ಕಡೆ ಅವಳು ಕಂಡರೆ ಕೊಡಲು, ಅವರ ಚೀಲದಲ್ಲಿ ಮಾರೆವ್ವನ ಮಾತ್ರೆಗಳಿವೆ.

ಏಳಿ.