ಮಗ್ಗದ ಬೆಲೆಯ ಗಿಟಾರ್

ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ನನ್ನ ಹಿಂದೆ ಇಬ್ಬರು ಕಿರುಚಿಕೊಳ್ಳುತ್ತಿದ್ದರು. ಜಗಳವೇನಲ್ಲ. ದಿನವಿಡೀ ವಿದ್ಯುತ್ ಮಗ್ಗಗಳ ಸದ್ದಿನಲ್ಲಿ ದುಡಿಯುವ ನೇಕಾರರ ಮಾತೇ ಹಾಗೆ.

“ಹೊಸ ಮಗ್ಗಕ್ಕೆ ಅಡ್ವಾನ್ಸ್ ಕೊಟ್ಯೇನೋ ಅತೀಫ್?”

“ಇಲ್ಲ ಕಣೋ ಅಶೋಕ. ಬೆಂಗಳೂರಲ್ಲಿ ಗಿಟಾರ್ ಅಂಗಡಿಗೆ ನುಗ್ಬಿಟ್ಟೆ.”

“ಮನೇಲಿ ಹಳೇದು ಐತಲ್ಲ?”

“ಅಲ್ಲಿ ನೋಡಿದ್ದು ಎಲೆಕ್ಟ್ರಿಕ್ಕು ಗುರು. ಒಂದು ಮಗ್ಗದ ರೇಟು.”

“ತಲೆ ಕೆಟ್ಟಿದ್ಯಾ? ನುಡಿಸಿದ್ಯಾ?”

“ಅಂಗಡಿಯೋನು ಸ್ಪೀಕರಿಗೆ ಸಿಕ್ಕಿಸಿಕೊಟ್ಟ. ಒಂದೇ ತಂತಿ ಮೀಟಿದೆ.”

“ಅಷ್ಟೇನಾ?”

“ಅಷ್ಟೇ. ಆ ಸದ್ದು ನಿಲ್ಲಲಿ ಅಂತ ಕಾಯ್ತಾ ನಿಂತೆ. ಸಣ್ಣಗಾಗ್ತಾ ಹೋಯ್ತು ಕಣೋ, ನಿಲ್ಲಲೇ ಇಲ್ಲ. ಇನ್ನೂ ಎದೆ ಒಳಗೆ ಐತೆ.”

ಅತೀಫನ ದನಿ ಎಷ್ಟು ತಗ್ಗಿತ್ತೆಂದರೆ, ನಾನು ಹಿಂದಕ್ಕೆ ವಾಲಿ ಕೇಳಬೇಕಾಯಿತು.

“ಲೋ, ಮಗ್ಗ ಬೇಕು ಅಂದಿದ್ದೇ ನಿನ್ನ ಹೆಂಡ್ತಿ. ಝೋಯಾಗೆ ಏನಂತ ಹೇಳ್ತೀಯ?”

“ಏನೂ ಹೇಳಲ್ಲ. ಆ ಅಂಗಡಿಗೆ ಕರ್ಕೊಂಡೋಗಿ ಅದೊಂದು ತಂತಿ ಕೇಳಿಸ್ತೀನಿ. ಆಮೇಲೆ ಅವಳು ಹೇಳ್ದಂಗೆ.”

ಅವರ ಬಸ್ ಬಂತು. ಜನ ನುಗ್ಗಿದರು. ಅಶೋಕ ಮಾತ್ರ ಮೆಟ್ಟಿಲ ಬಳಿ ಗೆಳೆಯನ ತೋಳು ಹಿಡಿದು ನಿಲ್ಲಿಸಿದ. ಆ ಗದ್ದಲದಲ್ಲೂ ಅವನು ಕಿರುಚಲಿಲ್ಲ, ಪಿಸುಗುಟ್ಟಿದ.

“ತಂತಿ ಕೇಳೋಕೆ ನಾನೂ ಬರ್ಲಾ?”