ಭಾನುವಾರದ ಗುಡುಗು

ಬೇಡ ಬೇಡ, ನೀವು ಮಾತಾಡಬೇಡಿ ಟೈಲರಮ್ಮ. ಬಾಯಲ್ಲಿ ಅಷ್ಟು ಕ್ಲಿಪ್ಪು ಕಚ್ಕೊಂಡಿದ್ದೀರಿ, ಒಂದು ಒಳಗೆ ಜಾರಿದ್ರೆ ನನ್ನ ತಲೆಗೆ ಬರುತ್ತೆ. ನೀವು ಬಟ್ಟೆ ಹಾಕ್ತಾ ಇರಿ, ನಾನು ವಾರದ ಹವಾಮಾನ ಹೇಳಿ ಮುಗಿಸ್ತೀನಿ. ಎಲ್ಲಿದ್ದೆ ನಾನು?

ಹಾಂ, ಇವತ್ತು. ಇವತ್ತು ಸೋಮವಾರ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಬೆಳಿಗ್ಗೆ ತಂಗಾಳಿ, ಮಧ್ಯಾಹ್ನ ನೆತ್ತಿ ಕಾಯುತ್ತೆ, ಸಂಜೆ ಮತ್ತೆ ಗಾಳಿ. ನಿಮ್ಮ ಲೈನಿಂಗ್ ಬಟ್ಟೆ ಊಟದ ಹೊತ್ತಿಗೆ ಗರಿಗರಿ ಆಗುತ್ತೆ. ಕುಗ್ಗೋದಿದ್ರೆ ಈಗಲೇ ಕುಗ್ಗಿ ಮುಗಿದಿರುತ್ತೆ, ಆಮೇಲೆ ಧೈರ್ಯವಾಗಿ ಕತ್ತರಿ ಹಾಕಿ. ನಾಳೆ ಮಂಗಳವಾರನೂ ಹಂಗೇ, ಸ್ವಲ್ಪ ಸೆಕೆ ಜಾಸ್ತಿ ಅಷ್ಟೇ. ಬೇಸಿಗೆ ಈಗಷ್ಟೇ ಕಾಲಿಟ್ಟಿದೆ ನೋಡಿ. ಹೊಸ ಅಳಿಯನ ಥರ, ಮೊದಮೊದಲು ಬಹಳ ಮರ್ಯಾದೆಯಿಂದ ಇರುತ್ತೆ. ಬುಧವಾರದಿಂದ ಅದರ ನಿಜವಾದ ಬುದ್ಧಿ ತೋರಿಸೋಕೆ ಶುರು ಮಾಡುತ್ತೆ.

ಬುಧವಾರ ಮೋಡ. ರೇಡಿಯೋದವರ ಭಾಷೆಯಲ್ಲಿ ಹೇಳಬೇಕು ಅಂದ್ರೆ, ಭಾಗಶಃ ಮೋಡ ಕವಿದ ವಾತಾವರಣ. ಭಾಗಶಃ ಅಂದ್ರೆ ಎಷ್ಟು ಅಂತ ಅವರಿಗೂ ಗೊತ್ತಿರಲ್ಲ. ಮೋಡ ಬಂದ್ರೆ ನಾವು ಹೇಳಿದ್ವಿ ಅಂತಾರೆ, ಬರದಿದ್ರೆ ಭಾಗಶಃ ಅಂದಿದ್ವಲ್ಲ ಅಂತಾರೆ. ಬುದ್ಧಿವಂತರು. ಗುರುವಾರ... ಯಾಕೆ ನಗ್ತಿದ್ದೀರಿ? ಮೇಲೆ ನೋಡಬೇಡಿ. ಮೇಲೆ ನೋಡಿದ್ರೆ ಈಗ ಏನೂ ಕಾಣಲ್ಲ, ನಾನೂ ನೋಡಿದೆ. ತೊಳೆದು ಕವಚಿಟ್ಟ ಬೋಗುಣಿ ಥರ ಇದೆ, ಒಂದು ಚುಕ್ಕೆ ಇಲ್ಲ. ಆದರೆ ಇದನ್ನ ನಂಬಬಾರದು. ಹೊರಗೋಡೆಗೆ ಬಣ್ಣ ಬಳಿದು ಕೂದಲು ನರೆಸಿಕೊಂಡವನು ನಾನು. ಎಷ್ಟು ನೀಲಿ ಕಂಡ್ರೂ ಅನುಮಾನ ನನಗೆ.

ಹೋದ ವರ್ಷ ನೆನಪಿಲ್ವಾ? ನೀವು ಎರಡನೇ ಮಹಡಿಗೆ ಬಂದು ಇನ್ನೂ ಹೊಸದು. ಈ ತಾರಸಿ ತುಂಬ ಯಾರದೋ ಮದುವೆ ಬಟ್ಟೆ ಹರವಿದ್ರಿ. ನಾನು ಮೆಟ್ಟಿಲ ಹತ್ರ ನಿಂತು, ಅಮ್ಮಾ, ಇನ್ನೇನು ಮಳೆ ಬಂದುಬಿಡುತ್ತೆ, ತೆಗೀರಿ ಅಂದೆ. ಬಿಸಿಲು ಕಣ್ಣು ಕುಕ್ಕೋ ಹಂಗಿತ್ತು. ಕೆಳಗಿನ ಮನೆ ಮೇಷ್ಟ್ರು ಅಲ್ಲೇ ಕುರ್ಚಿ ಹಾಕ್ಕೊಂಡು ಪೇಪರ್ ಓದ್ತಾ ಇದ್ರು. ಪೇಂಟರಣ್ಣ, ನಿನಗೆ ಬಣ್ಣದ ವಾಸನೆ ತಲೆಗೇರಿದೆ ಅಂದ್ರು. ನೀವು ಮಾತ್ರ ನನ್ನ ಮುಖ ನೋಡಿದ್ರಿ, ಆಕಾಶ ನೋಡಿದ್ರಿ, ಮತ್ತೆ ನನ್ನ ಮುಖ ನೋಡಿದ್ರಿ. ಸರಸರ ಅಂತ ಎಲ್ಲ ಎಳ್ಕೊಂಡು ಕೆಳಗೆ ಹೋದ್ರಿ. ಆಮೇಲೆ ಬಂತಲ್ಲ ಮಳೆ... ಮೇಷ್ಟ್ರ ಪೇಪರ್ ಅವರ ಕೈಯಲ್ಲೇ ಗಂಜಿ ಆಯ್ತು.

ಅವತ್ತಿಂದ ತಾನೇ ನೀವು ದಿನಾ ಕೇಳೋಕೆ ಶುರು ಮಾಡಿದ್ದು, ಪೇಂಟರೇ, ಇವತ್ತು ಹೇಗೆ ಅಂತ. ಇಡೀ ಕಟ್ಟಡ ನನ್ನನ್ನ ಪೇಂಟರಣ್ಣ ಅನ್ನುತ್ತೆ. ನನಗಿಂತ ಎಷ್ಟೋ ಹಿರಿಯರು, ಆ ಮೇಷ್ಟ್ರು, ಅವರೂ ಅಣ್ಣ ಅಂತಾರೆ. ನೀವೊಬ್ಬರೇ ಅಣ್ಣ ಸೇರಿಸಲ್ಲ. ಯಾಕೆ ಅಂತ ನಾನು ಯಾವತ್ತೂ ಕೇಳಲಿಲ್ಲ. ಕೇಳಿದ್ರೆ ಎಲ್ಲಿ ಸೇರಿಸಿಬಿಡ್ತೀರೋ ಅಂತ... ಹೋಗಲಿ ಬಿಡಿ, ಗುರುವಾರದ್ದು ಹೇಳ್ತಿದ್ದೆ.

ಏನು? ಕ್ಲಿಪ್ಪು ಕಚ್ಕೊಂಡೇ ಏನಂದ್ರಿ, ಹಸಿರು ಲೈನಿಂಗಾ? ಆಯ್ತಪ್ಪ, ಒಪ್ಕೊಂಡೆ, ಒಂದ್ಸಲ ಲೆಕ್ಕ ತಪ್ಪಿತು. ಗಾಳಿ ಇಲ್ಲ ಅಂದಿದ್ದೆ, ಅದು ಹಾರಿ ಹೋಗಿ ಪಕ್ಕದ ಕಟ್ಟಡದ ನೀರಿನ ಟ್ಯಾಂಕ್ ಮೇಲೆ ಕೂತಿತು. ಆದರೆ ಗೋಡೆ ಹತ್ತಿ ತಂದುಕೊಟ್ಟವನು ಯಾರು? ಪ್ಯಾಂಟ್ ಹರ್ಕೊಂಡವನು ಯಾರು? ಹೊಲಿದುಕೊಟ್ಟವರು ನೀವು, ಸರಿ. ಹೊಲಿಯುವಾಗ ಇಷ್ಟು ನಗಬೇಕಾಗಿರಲಿಲ್ಲ.

ಗುರುವಾರ ತೇವ. ಮಳೆ ಅಲ್ಲ, ಗಾಳಿಯಲ್ಲಿ ತೇವ. ಮೈಗೆ ಅಂಗಿ ಅಂಟ್ಕೊಳ್ಳುತ್ತೆ, ಉಪ್ಪಿನ ಡಬ್ಬಿಯಲ್ಲಿ ನೀರೊಡೆಯುತ್ತೆ. ಶುಕ್ರವಾರ ಪಶ್ಚಿಮದ ಗಾಳಿ, ಅದರ ಜೊತೆ ಧೂಳು. ಹಸಿ ಬಣ್ಣದ ಮೇಲೆ ಧೂಳು ಕೂತ್ರೆ ಗೋಡೆಗೆ ಸಿಡುಬು ಎದ್ದ ಹಾಗೆ ಕಾಣುತ್ತೆ, ನಾನು ಆ ಕೆಲಸ ಮಾಡಲ್ಲ. ಶನಿವಾರ ಸಣ್ಣ ಹನಿ. ಭಾನುವಾರ...

ಭಾನುವಾರ ಗುಡುಗು.

ಹೌದು ರೀ. ಗುಡುಗು, ಮಿಂಚು, ಬಿರುಗಾಳಿ. ಅಲ್ಲಲ್ಲಿ ಅಂದಿದ್ದಾರೆ, ಆದರೆ ನೋಡ್ತಾ ಇರಿ, ಆ ಅಲ್ಲಲ್ಲಿ ಅನ್ನೋದು ನಮ್ಮ ಬೀದಿಗೇ ಬರುತ್ತೆ. ಅದಕ್ಕೇ ಹೇಳ್ತಾ ಇರೋದು. ನಿಮ್ಮ ತಮ್ಮನ ಟೆಂಪೋಗೆ ಮೇಲೆ ಹೊದಿಕೆ ಇಲ್ಲ. ಅದರಲ್ಲಿ ನಿಮ್ಮ ಮಷಿನುಗಳು, ಬಟ್ಟೆ ಥಾನು, ಆ ನಿಲುಗನ್ನಡಿ, ಎಲ್ಲ ಹೇರಿಕೊಂಡು ಊರಿನ ಆ ತುದಿಯ ಹೊಸ ಅಂಗಡಿಗೆ ಹೋಗಬೇಕು. ಅರ್ಧ ದಾರಿಯಲ್ಲಿ ಹಿಡ್ಕೊಂಡ್ರೆ? ಮಷಿನಿಗೆ ತುಕ್ಕು, ಥಾನಿಗೆ ಕಲೆ. ಇಷ್ಟು ದಿನ ಒಬ್ಬರೇ ಕಷ್ಟಪಟ್ಟು ಜೋಡಿಸಿದ್ದು. ಕಾಲಲ್ಲಿ ತುಳಿಯೋ ಒಂದೇ ಒಂದು ಮಷಿನ್ ಹೊತ್ಕೊಂಡು ಈ ಮೆಟ್ಟಿಲು ಹತ್ತಿದವರು ನೀವು. ಇಳಿಸುವಾಗ ನೆನೆಸಬಾರದು. ಮುಂದಿನ ಭಾನುವಾರ ಹೋದ್ರಾಯ್ತು. ಒಂದು ವಾರದಲ್ಲಿ ಏನು ಮುಳುಗಿ ಹೋಗುತ್ತೆ ಹೇಳಿ.

ಕ್ಲಿಪ್ಪು ತೆಗೆದ್ರಾ? ಹೇಳಿ.

ಶಾಲೆಯವರಾ? ಯಾವ ಶಾಲೆ?

ಓಹೋ, ಯೂನಿಫಾರ್ಮ್ ಹೊಲಿಯೋ ಕೆಲಸ. ಭಾನುವಾರದ ಮರುದಿನ, ಸೋಮವಾರನೇ ಬರ್ತಾರಂತಾ, ಅಂಗಡಿ ನೋಡೋಕೆ? ಬಾಗಿಲು ತೆಗೆದಿರದಿದ್ರೆ ಬೇರೆಯವರಿಗೆ ಕೊಡ್ತಾರಂತೆ. ಹಂಗಂದ್ರಾ... ಎಷ್ಟು ಮಕ್ಕಳು? ಇಡೀ ಶಾಲೆಯಾ?

ಇದು ನನಗೆ ಗೊತ್ತಿರಲಿಲ್ಲ. ನೀವು ಹೇಳಿರಲಿಲ್ಲ ಟೈಲರಮ್ಮ. ಅಂಗಡಿ ಸಿಕ್ಕಿತು ಅಂದ್ರಿ, ರಸ್ತೆ ಕಡೆ ದೊಡ್ಡ ಕಿಟಕಿ ಇದೆ ಅಂದ್ರಿ, ಹಿಂದೆ ಇರೋಕೆ ಒಂದು ರೂಮು, ಅಡುಗೆಮನೆ, ಚಿಕ್ಕ ಅಂಗಳ ಅಂದ್ರಿ. ಬಣ್ಣ ನೀವೇ ಬಳೀಬೇಕು ಪೇಂಟರೇ ಅಂದ್ರಿ. ಶಾಲೆ ವಿಷಯ... ಸರಿ, ಒಳ್ಳೇದೇ ಆಯ್ತು. ಬಹಳ ಒಳ್ಳೇದಾಯ್ತು. ನಾನು ಶಾಲೆಯವರ ಹತ್ರ ಬೇಕಾದ್ರೆ ಮಾತಾಡ್ತೀನಿ, ಮಳೆ ಕಾರಣ ಅಂತ ಹೇಳಿದ್ರೆ ಯಾರು ಬೇಡ ಅಂತಾರೆ.

ಅಲ್ಲದೆ ಗೋಡೆನೂ ಒಣಗಬೇಕಲ್ಲ. ನಾನು ಹೇಳಿದ್ನಲ್ಲ, ಮೊದಲನೇ ಕೋಟ್ ಇನ್ನೂ ಹಸಿಯಾಗಿದೆ. ಹಳೇ ಗೋಡೆ ಅದು, ಒಳಗೆ ನೀರು ಕುಡ್ಕೊಂಡು ಕೂತಿದೆ. ಅದು ಪೂರ್ತಿ ಒಣಗದೆ ಎರಡನೇ ಕೋಟ್ ಕೊಟ್ರೆ ಹಪ್ಪಳ ಎದ್ದ ಹಾಗೆ ಏಳುತ್ತೆ. ಮೊನ್ನೆ ಮುಟ್ಟಿ ನೋಡಿದೆ, ಬೆರಳಿಗೆ ಅಂಟ್ತಾ ಇತ್ತು. ಗುರುವಾರ ಬೇರೆ ತೇವ...

ಏನು? ಬೆರಳು ಯಾಕೆ ತೋರಿಸ್ತಿದ್ದೀರಿ? ಸೂಜಿ ಚುಚ್ಚಿತಾ? ಏನೂ ಇಲ್ಲವಲ್ಲ. ಸ್ವಚ್ಛವಾಗಿದೆ.

ಓ.

ಅಂಗಡಿಗೆ ಹೋಗಿದ್ರಾ? ಯಾವಾಗ? ನಿನ್ನೆ... ಹೌದು ಹೌದು, ಅಂಗಡಿ ನಿಮ್ಮದು, ಬೀಗದ ಕೈ ನಿಮ್ಮ ಹತ್ರ ಇರದೆ ಇನ್ಯಾರ ಹತ್ರ ಇರುತ್ತೆ. ಗೋಡೆ ಮುಟ್ಟಿದ್ರಿ. ಎಲ್ಲಿ ಮುಟ್ಟಿದ್ರಿ? ಅಲ್ಲ, ಮೂಲೆಯಲ್ಲಿ ಬೇಗ ಒಣಗುತ್ತೆ, ಕಿಟಕಿ ಗಾಳಿ ಬೀಳುತ್ತೆ. ನಡುಗೋಡೆ ಸ್ವಲ್ಪ...

ನಡುಗೋಡೆನೂ ಮುಟ್ಟಿದ್ರಿ.

ಹಂಗಾದ್ರೆ ನಿನ್ನೆ ಬಿಸಿಲಿಗೆ ಒಣಗಿರಬೇಕು. ನಿನ್ನೆ ಬಿಸಿಲು ಜೋರಾಗಿತ್ತು. ನಮ್ಮ ಊಹೆಗಿಂತ ಸ್ವಲ್ಪ... ಮೇಷ್ಟ್ರೂ ಅಂದ್ರು, ಈ ಸಲ ಬೇಸಿಗೆ ಬೇಗ ಬಂತು ಅಂತ. ಅವರು ಏನು ಅಂದ್ರೂ ನಾನು ನಂಬಲ್ಲ, ಆದರೆ ಈ ಸಲ...

ಬೈಯೋದಿದ್ರೆ ಬೈದುಬಿಡಿ. ಹಿಂಗೆ ಬಕೆಟ್ ಹಿಡ್ಕೊಂಡು ನಿಂತು ನೋಡಿದ್ರೆ ನಾನು ಎಲ್ಲಿಗೆ ಅಂತ ನೋಡಲಿ.

ಸರಿ.

ರೇಡಿಯೋದವರು ಹೇಳಿದ್ದು ಒಂದೇ ಮಾತು. ಈ ಇಡೀ ವಾರ ಒಣಹವೆ. ಅಷ್ಟೇ. ಆಮೇಲೆ ಹಾಡು ಹಾಕಿದ್ರು. ಬುಧವಾರದ ಮೋಡ ಇಲ್ಲ, ಗುರುವಾರದ ತೇವ ಇಲ್ಲ. ಮೆಟ್ಟಿಲು ಹತ್ತಿ ಬರ್ತಾ ಬರ್ತಾ ಒಂದೊಂದೇ ಸೇರಿಸ್ಕೊಂಡು ಬಂದೆ. ಭಾನುವಾರದ ಗುಡುಗು ನಂದು.

ಗೋಡೆ ಮೊದಲನೇ ಕೋಟ್ ಕೊಟ್ಟ ದಿನ ಮಧ್ಯಾಹ್ನಕ್ಕೇ ಒಣಗಿತ್ತು. ಕೆಲಸ ಮುಗಿಸಿ ಹೊರಡಬೇಕಿತ್ತು, ಎರಡನೇ ಕೋಟ್ ಅವತ್ತೇ ಕೊಡಬಹುದಾಗಿತ್ತು. ಡಬ್ಬ ಬೋರಲು ಹಾಕಿ ಅದರ ಮೇಲೆ ಕೂತೆ. ಕಿಟಕಿಯಿಂದ ಬೆಳಕು ಬಂದು ನೆಲದ ಮೇಲೆ ಇಷ್ಟಗಲ ಬಿದ್ದಿತ್ತು. ಇಲ್ಲಿ ಟೈಲರಮ್ಮ ಮಷಿನ್ ಇಡ್ತಾರೆ ಅಂದ್ಕೊಂಡೆ. ಇಲ್ಲಿ ಕನ್ನಡಿ, ಇಲ್ಲಿ ಬಂದವರು ಕೂರೋಕೆ ಬೆಂಚು. ಗಿರಾಕಿಗಳು ಮೆಟ್ಟಿಲು ಹತ್ತಿ ಏದುಸಿರು ಬಿಡಬೇಕಾಗಿಲ್ಲ. ಬಟ್ಟೆ ಒಣಗಿಸೋಕೆ ಹಿಂದೆ ಅಂಗಳ ಇದೆ. ಎಲ್ಲ ಸರಿಯಾಗಿದೆ. ನೀವು ಆರಿಸಿದ ಬಣ್ಣನೂ ಗೋಡೆಗೆ ಹೊಂದಿದೆ, ನಾನು ಬೇಡ ಅಂದಿದ್ದೆ, ನೀವು ಹೇಳಿದ್ದೇ ಸರಿ. ಇಷ್ಟು ಒಳ್ಳೆ ಅಂಗಡಿ ನಾನೇ ಕೈಯಾರೆ ಬಣ್ಣ ಬಳಿದು ಮುಗಿಸಿಬಿಟ್ರೆ... ಬ್ರಷ್ ತೊಳೆದಿಟ್ಟು ಮನೆಗೆ ಬಂದುಬಿಟ್ಟೆ. ಗೋಡೆ ಹಸಿ ಅಂತ ಹೇಳಿದೆ. ನೀವು ನಂಬಿದ್ರಿ. ನಂಬಿದ್ದಕ್ಕೆ ಮತ್ತೆ ಹೇಳಿದೆ.

ದೊಡ್ಡ ಯೋಚನೆ ಏನೂ ಇರಲಿಲ್ಲ. ಮಳೆ ಅಂದ್ರೆ ಟೆಂಪೋ ಬರಲ್ಲ. ಟೆಂಪೋ ಬರದಿದ್ರೆ ಇನ್ನೊಂದು ವಾರ. ಅಲ್ಲಿಂದಾಚೆ ನಾನು ಯೋಚನೆ ಮಾಡಿಲ್ಲ. ಶಾಲೆ ಮಕ್ಕಳ ಯೂನಿಫಾರ್ಮ್ ಇದರಲ್ಲಿ ಸಿಕ್ಕಿಹಾಕ್ಕೊಂಡಿದೆ ಅಂತ ಗೊತ್ತಿದ್ರೆ ಖಂಡಿತ... ಇಲ್ಲ. ಗೊತ್ತಿದ್ರೂ ಒಂದು ಮೋಡನಾದ್ರೂ ಸೇರಿಸ್ತಿದ್ನೋ ಏನೋ. ನಿಮ್ಮ ಹತ್ರ ಇನ್ನು ಸುಳ್ಳು ಯಾಕೆ.

ಈಗಲೇ ಹೋಗ್ತೀನಿ. ರೋಲರ್ ಕೆಳಗೇ ಇದೆ. ಸಂಜೆಯೊಳಗೆ ಎರಡನೇ ಕೋಟ್ ಮುಗಿಯುತ್ತೆ, ನಾಳೆ ಬಾಗಿಲು, ಕಿಟಕಿ ಚೌಕಟ್ಟು. ನಾಡಿದ್ದು ನಿಮ್ಮ ಹೆಸರಿನ ಬೋರ್ಡಿಗೆ ಅಂಚು ಬರೆದುಕೊಡ್ತೀನಿ. ಭಾನುವಾರ ಬಿಸಿಲಿರುತ್ತೆ, ನಿಮ್ಮ ತಮ್ಮನಿಗೆ ಬೆಳಿಗ್ಗೆ ಬೇಗ ಬರೋಕೆ ಹೇಳಿ, ತಂಪು ಹೊತ್ತಲ್ಲೇ ಹೇರಿಬಿಡೋಣ. ಮಷಿನ್ ಇಳಿಸೋಕೆ ನಾನಿದ್ದೀನಿ.

ಬರ್ತೀನಿ ಹಾಗಾದ್ರೆ.

ಏನು? ಇದಾ? ಕೊಡಿ, ಹಿಡ್ಕೋತೀನಿ. ನಿನ್ನೆ ಹಾಕಿದ ದುಪ್ಪಟಿ ಅಲ್ವಾ, ಒಣಗಿ ಕಾಗದದ ಹಾಗಾಗಿದೆ. ಈ ಎರಡು ಮೂಲೆ ನನ್ನ ಹತ್ರ ಇದೆ, ನೀವು ಹಿಂದಕ್ಕೆ ಹೋಗಿ. ಇನ್ನೂ ಸ್ವಲ್ಪ. ಸಾಕು. ಈಗ ಉದ್ದಕ್ಕೆ ಮಡಿಸ್ತೀರಾ, ಅಡ್ಡಕ್ಕಾ? ಉದ್ದಕ್ಕೆ. ಸರಿ. ಈ ಕೆಲಸ ನಾನು ಮಾಡಿ ವರ್ಷಗಳಾದ್ವು. ನಮ್ಮನೆಯವಳು ಹೋದ ಮೇಲೆ ದುಪ್ಪಟಿ ಸುತ್ತಿ ಮೂಲೆಗೆ ಎಸೆಯೋದೇ ಅಭ್ಯಾಸ ಆಗಿದೆ. ಒಬ್ಬನೇ ಮಡಿಸೋಕೆ ಹೋದ್ರೆ ಅರ್ಧ ನೆಲದ ಮೇಲೆ ಹೊರಳುತ್ತೆ.

ಈಗ ನಾನು ಮುಂದಕ್ಕೆ ಬರಬೇಕಾ? ಬಂದೆ. ತಗೊಳ್ಳಿ ಮೂಲೆ.

ಕೋಪನಾ? ಕೋಪ ಇದ್ದವರು ದುಪ್ಪಟಿ ಮಡಿಸೋಕೆ ಕರೆಯಲ್ಲ ಅಂದ್ಕೋತೀನಿ. ಇದ್ರೂ ಇರಲಿ. ನನಗೆ ಬರಬೇಕಾದ್ದೇ.

ಹಾಂ? ಯಾವ ಸೋಮವಾರ?

ಭಾನುವಾರ ಆದ ಮೇಲಿನದಾ. ಶಾಲೆಯವರು ಬರೋ ಸೋಮವಾರ. ಅವತ್ತು ಹೇಗಿರುತ್ತೆ ಅಂತ ಕೇಳ್ತಿದ್ದೀರಾ... ನನ್ನನ್ನ?

ರೇಡಿಯೋದವರು ಅಷ್ಟು ದೂರದ್ದು ಹೇಳಿಲ್ಲ. ಇಲ್ಲಿಂದ ನೋಡಿ ಹೇಳೋಕೂ ಆಗಲ್ಲ, ಊರಿನ ಆ ತುದಿಯ ಗಾಳಿನೇ ಬೇರೆ. ನಿಜ ಹೇಳಬೇಕು ಅಂದ್ರೆ, ಆ ಸೋಮವಾರ ಹೇಗಿರುತ್ತೋ ನನಗೆ ಗೊತ್ತಿಲ್ಲ ಟೈಲರಮ್ಮ. ಬೆಳಿಗ್ಗೆ ನಿಮ್ಮ ಅಂಗಳಕ್ಕೇ ಬಂದು, ನಿಂತು, ನೋಡಿ ಹೇಳಬೇಕು.

ಬರಲಾ?